ಒಂದೇ ಹೆಸರು, ಬೇರೆ ಬೇರೆ ಸಾಧಕರು: ಯಾರು ಯಾರೆಂದು ಗುರುತಿಸಿ ಬರೆಯುವುದು ಹೇಗೆ?

2009ರ ಡಿಸೆಂಬರ್ 29ರಂದು ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ ತೀರಿಕೊಂಡರು. ಮಾರನೇ ದಿನವೇ ನಟ ವಿಷ್ಣುವರ್ಧನ್ ಹೋದರು. ಆ ದುಃಖ ಆರುವ ಮೊದಲೇ, 2010ರ ಜನವರಿ 18ರಂದು, ಹಿರಿಯ ನಟ ಕೆ.ಎಸ್. ಅಶ್ವತ್ಥ್ ಕೂಡ ಇಲ್ಲವಾದರು. ಮೂರು ವಾರದೊಳಗೆ ಮೂವರು. ಅವರಲ್ಲಿ ಇಬ್ಬರ ಹೆಸರು ಒಂದೇ.

ಆ ದಿನಗಳನ್ನು ಕಂಡವರಿಗೆ ಈ ಇಬ್ಬರು ಅಶ್ವತ್ಥರ ಬಗ್ಗೆ ಯಾವ ಗೊಂದಲವೂ ಇಲ್ಲ. ಒಬ್ಬರು ಶಿಶುನಾಳ ಶರೀಫರ ಪದಗಳನ್ನು ಎದೆತುಂಬಿ ಹಾಡಿದವರು. ಇನ್ನೊಬ್ಬರು ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು. ಆದರೆ ಆ ವರ್ಷ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು ದಾಟುತ್ತಿದ್ದಾರೆ. ರಾಜ್ಯೋತ್ಸವದ ಭಾಷಣಕ್ಕೆ ‘ಅಶ್ವತ್ಥ್’ ಅಂತ ಮೊಬೈಲಿನಲ್ಲಿ ಹುಡುಕಿದರೆ ಅವರಿಗೆ ಇಬ್ಬರ ಫೋಟೊ, ಇಬ್ಬರ ಇಸವಿ, ಇಬ್ಬರ ಕೆಲಸ ಒಟ್ಟಿಗೇ ಸಿಗುತ್ತದೆ. ಹಾಡಿದವರ ಭಾವಚಿತ್ರದ ಕೆಳಗೆ ನಟಿಸಿದವರ ಹುಟ್ಟಿದ ದಿನ ಬಂದುಬಿಡುವುದು ಹೀಗೆಯೇ.

ಇದು ಸಣ್ಣ ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಒಬ್ಬರ ಇಡೀ ಜೀವಮಾನದ ದುಡಿಮೆಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದರೆ ಇಬ್ಬರಿಗೂ ಅನ್ಯಾಯ. ಅದನ್ನು ತಪ್ಪಿಸಲು ದೊಡ್ಡ ವಿದ್ವತ್ತೇನೂ ಬೇಡ. ಒಂದು ಕ್ರಮ ಇದ್ದರೆ ಸಾಕು. ಶಾಲೆಯ ಭಾಷಣ, ಕ್ವಿಜ್, ಸಂಘದ ಸ್ಮರಣ ಸಂಚಿಕೆ, ವಾಟ್ಸಾಪ್ ಪೋಸ್ಟ್, ವಿಕಿಪೀಡಿಯ ಲೇಖನ, ಏನೇ ಬರೆಯುವವರಿಗೂ ಈ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ.

ಹೆಜ್ಜೆ 1: ಹೆಸರು ಬಂದ ಸಾಲನ್ನು ಪೂರ್ತಿ ಬರೆದಿಟ್ಟುಕೊಳ್ಳಿ

ಹೆಸರು ಕಂಡ ಕೂಡಲೇ ಹುಡುಕಲು ಹೋಗಬೇಡಿ. ಮೊದಲು ಆ ಹೆಸರು ಎಲ್ಲಿ, ಯಾವ ಮಾತಿನ ನಡುವೆ ಬಂದಿದೆ ಅಂತ ನೋಡಿ. ಆ ಸಾಲಿನಲ್ಲಿ ಊರಿದೆಯಾ? ಇಸವಿ ಇದೆಯಾ? ಜೊತೆಗೆ ಬೇರೆ ಯಾರ ಹೆಸರಿದೆ? ‘ಅಶ್ವತ್ಥ್ ಮತ್ತು ವೈದ್ಯನಾಥನ್’ ಅಂತ ಇದ್ದರೆ ಅದು ಸಿನಿಮಾ ಸಂಗೀತದ ಅಶ್ವತ್ಥ್–ವೈದಿ ಜೋಡಿ, ಅಂದರೆ ಸಿ. ಅಶ್ವತ್ಥ್. ‘ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಅಶ್ವತ್ಥರ ಪಾತ್ರ’ ಅಂತ ಇದ್ದರೆ ಕೆ.ಎಸ್. ಅಶ್ವತ್ಥ್. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಬರೀ ಹೆಸರನ್ನು ಕಿತ್ತುಕೊಂಡು ಹೊರಟರೆ ಮಾತ್ರ ಕಷ್ಟ.

ಹೆಜ್ಜೆ 2: ಇನಿಷಿಯಲ್ ಬಿಡಿಸಿ

ನಮ್ಮ ಕಡೆಯ ಹೆಸರುಗಳಲ್ಲಿ ಗುರುತಿನ ಬಹುಪಾಲು ಇರುವುದು ಇನಿಷಿಯಲ್‌ನಲ್ಲೇ. ಸಾಮಾನ್ಯವಾಗಿ ಒಂದಕ್ಷರ ಊರಿನದು, ಇನ್ನೊಂದು ಅಪ್ಪನದು. ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ. ಕೆ.ಎಸ್. ನರಸಿಂಹಸ್ವಾಮಿ ಅಂದರೆ ಕಿಕ್ಕೇರಿ ಸುಬ್ಬರಾಯರ ಮಗ. ಹಾಗೆ ಬಿಡಿಸಿದ ಕೂಡಲೇ ನಿಮ್ಮ ಕೈಗೆ ಒಂದು ಊರು ಮತ್ತು ಒಂದು ಮನೆ ಸಿಕ್ಕಿತು. ಇನ್ನು ತಪ್ಪುವುದು ಕಷ್ಟ.

ಪುಟ್ಟಪ್ಪ ಎಂಬ ಹೆಸರನ್ನೇ ನೋಡಿ. ಕುವೆಂಪು (1904–1994) ಒಬ್ಬರು. ಹುಬ್ಬಳ್ಳಿಯಲ್ಲಿದ್ದು ‘ಪ್ರಪಂಚ’ ಪತ್ರಿಕೆ ನಡೆಸಿದ ಪಾಟೀಲ ಪುಟ್ಟಪ್ಪ (1921–2020) ಇನ್ನೊಬ್ಬರು. ಒಬ್ಬರು ಮಲೆನಾಡಿನ ಕವಿ, ಇನ್ನೊಬ್ಬರು ಬಯಲುಸೀಮೆಯ ಪತ್ರಕರ್ತರು. ಓದುಗರೇ ‘ಕುವೆಂಪು’, ‘ಪಾಪು’ ಅಂತ ಕರೆದು ಗೊಂದಲವನ್ನು ಎಷ್ಟು ಚೆನ್ನಾಗಿ ಬಗೆಹರಿಸಿದರು ನೋಡಿ. ಬಿ.ಎಂ. ಶ್ರೀಕಂಠಯ್ಯ (1884–1946), ತೀ.ನಂ. ಶ್ರೀಕಂಠಯ್ಯ (1906–1966) ಇಬ್ಬರೂ ಕನ್ನಡ ಸಾಹಿತ್ಯದ ದೊಡ್ಡ ಮೇಷ್ಟ್ರುಗಳು. ಬಿ.ಎಂ.ಶ್ರೀ., ತೀ.ನಂ.ಶ್ರೀ. ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಎಂ.ಆರ್.ಶ್ರೀ. ಎದುರಾದಾಗ ಒಂದು ಕ್ಷಣ ನಿಲ್ಲಿ. ಅವರು ಶ್ರೀಕಂಠಯ್ಯ ಅಲ್ಲ, ಎಂ.ಆರ್. ಶ್ರೀನಿವಾಸಮೂರ್ತಿ. ಚಿಕ್ಕ ಹೆಸರು ಒಂದೇ ಥರ ಇದೆ ಅಂತ ಪೂರ್ತಿ ಹೆಸರನ್ನು ಊಹಿಸಿ ಬರೆಯಬಾರದು.

ಇನಿಷಿಯಲ್‌ನಲ್ಲಿ ಒಂದಕ್ಷರ ತಪ್ಪಿದರೂ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಇಬ್ಬರು ರಾಮನ್ ಸಾಕ್ಷಿ. ಸಿ.ವಿ. ರಾಮನ್ ಅಂದರೆ ಚಂದ್ರಶೇಖರ ವೆಂಕಟ ರಾಮನ್. 1930ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದವರು. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, 1970ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಬಿ.ವಿ. ರಾಮನ್ ಅಂದರೆ ಬೆಂಗಳೂರು ವೆಂಕಟ ರಾಮನ್ (1912–1998). ಅವರು ಜ್ಯೋತಿಷಿ. ‘ಅಸ್ಟ್ರಾಲಾಜಿಕಲ್ ಮ್ಯಾಗಜೀನ್’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು. ಇಬ್ಬರಿಗೂ ‘ವೆಂಕಟ’ ಇದೆ. ಇಬ್ಬರೂ ಬಾಳಿದ್ದು ಬೆಂಗಳೂರಿನಲ್ಲಿ. ಕಾಲವೂ ಬಹಳ ವರ್ಷ ಜೊತೆಜೊತೆಗೇ ಸಾಗಿದೆ. ಒಬ್ಬರು ಬೆಳಕಿನ ಚದುರುವಿಕೆಯ ವಿಜ್ಞಾನಿ, ಇನ್ನೊಬ್ಬರು ಗ್ರಹಗತಿ ನೋಡುವವರು. ‘ಬೆಂಗಳೂರಿನ ರಾಮನ್ ಹೇಳಿದಂತೆ’ ಅಂತ ಸುಮ್ನೆ ಬರೆದುಬಿಟ್ಟರೆ ವಿಜ್ಞಾನಿಯ ಬಾಯಲ್ಲಿ ಜ್ಯೋತಿಷ್ಯ ಬರುತ್ತದೆ. ಇಲ್ಲಿ ಆ ಮೊದಲ ಅಕ್ಷರವೇ ಎಲ್ಲ.

ಹೆಜ್ಜೆ 3: ಊರಿನ ಹೆಸರೋ, ಮನೆತನದ ಹೆಸರೋ ನೋಡಿ

ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದು ಜಾಸ್ತಿ. ಹಾಗಾಗಿ ಅಡ್ಡಹೆಸರು ಒಂದೇ ಇದೆ ಅಂದ ಮಾತ್ರಕ್ಕೆ ಒಂದೇ ಮನೆಯವರು ಅಂತ ತೀರ್ಮಾನಿಸಬೇಡಿ.

ಕಾರ್ನಾಡು ಮೂಲ್ಕಿ ಹತ್ತಿರದ ಊರು. ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾವ್ (1881–1937) ಹೆಸರಿನಲ್ಲೂ ಅದೇ ಇದೆ, ನಾಟಕಕಾರ ಗಿರೀಶ್ ಕಾರ್ನಾಡ್ (1938–2019) ಹೆಸರಿನಲ್ಲೂ ಅದೇ ಇದೆ. ಬೆಂಗಳೂರಿನ ಸದಾಶಿವನಗರಕ್ಕೆ ಹೆಸರು ಕೊಟ್ಟಿದ್ದು ಮೊದಲನೆಯವರು. ಪಡುಕೋಣೆ ಉಡುಪಿ ಜಿಲ್ಲೆಯ ಊರು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ ಎಲ್ಲರಿಗೂ ಗೊತ್ತು. ಹಿಂದಿ ಚಿತ್ರರಂಗದ ಗುರುದತ್ ಕೂಡ ಪಡುಕೋಣೆಯವರೇ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಅವರ ಹೆಸರು ವಸಂತ್ ಕುಮಾರ್ ಶಿವಶಂಕರ್ ಪಡುಕೋಣೆ. ದೀಪಿಕಾ ಪಡುಕೋಣೆ ಪ್ರಕಾಶ್ ಅವರ ಮಗಳು. ಅಲ್ಲಿಂದ ಮುಂದೆ ಹೋಗಿ ಗುರುದತ್ ಅವರನ್ನೂ ಅದೇ ಮನೆಗೆ ಸೇರಿಸಬೇಕಾದರೆ ಕೈಯಲ್ಲಿ ಆಧಾರ ಇರಬೇಕು.

ಇನ್ನೂ ಸೂಕ್ಷ್ಮದ ಪ್ರಸಂಗ ಹಾನಗಲ್ ಹೆಸರಿನದು. ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಲ್ಲಿದ್ದು ಹಿಂದೂಸ್ತಾನಿ ಸಂಗೀತವನ್ನು ಬೆಳಗಿಸಿದವರು. ಅವರ ಹೆಸರಿನ ಹಾನಗಲ್ ಇಂದಿನ ಹಾವೇರಿ ಜಿಲ್ಲೆಯದು. ಹಿಂದಿ ಸಿನಿಮಾದ ಹಿರಿಯ ನಟ ಎ.ಕೆ. ಹಾನಗಲ್ ಹೆಸರು ಕೇಳಿದರೆ ನಮಗೆ ತಕ್ಷಣ ‘ನಮ್ಮ ಕಡೆಯವರು’ ಅನ್ನಿಸುತ್ತದೆ, ಅಲ್ವಾ? ಅವರು ಕಾಶ್ಮೀರಿ ಪಂಡಿತ ಮನೆತನದವರು. ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ಮಲ್ಲಿಕಾರ್ಜುನ ಮನ್ಸೂರರ (1910–1992) ಹೆಸರಿನಲ್ಲಿರುವುದು ಧಾರವಾಡದ ಪಕ್ಕದ ಹಳ್ಳಿ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ ಅವರ ಹೆಸರಿನ ಮನ್ಸೂರ್ ಬೇರೆಯೇ ಮೂಲದ್ದು. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಅಭಿಮಾನದಿಂದ ಯಾರನ್ನಾದರೂ ನಮ್ಮ ಊರಿಗೆ ಸೇರಿಸಿಕೊಳ್ಳುವ ಮೊದಲು ಹುಟ್ಟಿದ ಊರನ್ನು ನೋಡಿಕೊಳ್ಳಿ.

ಹೆಜ್ಜೆ 4: ಹುಟ್ಟಿದಾಗ ಇಟ್ಟ ಹೆಸರನ್ನು ಹುಡುಕಿ

ಹೆಸರು ಒಂದೇ ಆಗಿರುವ ಎಷ್ಟೋ ಸಾಧಕರಿಗೆ ಆ ಹೆಸರು ಹುಟ್ಟಿನಿಂದ ಬಂದಿದ್ದಲ್ಲ. ಆಮೇಲೆ ಇಟ್ಟುಕೊಂಡಿದ್ದು, ಇಲ್ಲವೇ ಯಾರೋ ಕೊಟ್ಟಿದ್ದು. ಮೂಲ ಹೆಸರು ಸಿಕ್ಕಿದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ.

ವಿಷ್ಣುವರ್ಧನ ಎಂಬ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ. ಅವನ ಮೊದಲ ಹೆಸರು ಬಿಟ್ಟಿದೇವ. ಚೋಳರನ್ನು ಸೋಲಿಸಿ ತಲಕಾಡನ್ನು ಗೆದ್ದದ್ದಕ್ಕೆ ‘ತಲಕಾಡುಗೊಂಡ’ ಎಂಬ ಬಿರುದೂ ಇದೆ. ಅವನಿಗಿಂತ ಐದು ಶತಮಾನ ಹಿಂದೆ ಇನ್ನೊಬ್ಬ ವಿಷ್ಣುವರ್ಧನ ಇದ್ದ. ಇಮ್ಮಡಿ ಪುಲಿಕೇಶಿಯ ತಮ್ಮ, ವೆಂಗಿಯ ಪೂರ್ವ ಚಾಲುಕ್ಯ ವಂಶವನ್ನು ಶುರುಮಾಡಿದವನು. ಅವನನ್ನು ಕುಬ್ಜ ವಿಷ್ಣುವರ್ಧನ ಅಂತ ಗುರುತಿಸುತ್ತಾರೆ. ಇನ್ನು ನಮ್ಮ ‘ಸಾಹಸಸಿಂಹ’. 1950ರ ಸೆಪ್ಟೆಂಬರ್ 18ರಂದು ಹುಟ್ಟಿದಾಗ ಅವರ ಹೆಸರು ಸಂಪತ್ ಕುಮಾರ್. 1972ರ ‘ನಾಗರಹಾವು’ ಚಿತ್ರಕ್ಕಾಗಿ ಪುಟ್ಟಣ್ಣ ಕಣಗಾಲರು ವಿಷ್ಣುವರ್ಧನ್ ಎಂಬ ಹೆಸರು ಕೊಟ್ಟರು. ತಮಿಳು ಚಿತ್ರರಂಗದಲ್ಲಿ ಹೆಸರು ಮಾಡಿ, 2021ರಲ್ಲಿ ಹಿಂದಿಯ ‘ಶೇರ್‌ಷಾ’ ನಿರ್ದೇಶಿಸಿದ ವಿಷ್ಣುವರ್ಧನ್ ಇನ್ನೊಬ್ಬರು.

ನಾಲ್ವರಾದರು. ಬಿಟ್ಟಿದೇವ, ಸಂಪತ್ ಕುಮಾರ್ ಎಂಬ ಎರಡು ಮೂಲ ಹೆಸರು ಗೊತ್ತಿದ್ದರೆ ದೊರೆಯೂ ನಟರೂ ಬೇರೆಯಾದರು. ನಟರ ಬಗ್ಗೆ ಹುಡುಕುವಾಗ ಇದು ಇನ್ನೊಂದು ರೀತಿಯಲ್ಲೂ ಸಹಾಯ ಮಾಡುತ್ತದೆ. ಅದೇ 1972ರಲ್ಲಿ ಬಂದ ‘ವಂಶವೃಕ್ಷ’ದಲ್ಲೂ ಅವರಿದ್ದಾರೆ, ಆಗ ಅವರ ಹೆಸರು ಕುಮಾರ್. ‘ವಿಷ್ಣುವರ್ಧನ್’ ಅಂತ ಮಾತ್ರ ಹುಡುಕುವವರಿಗೆ ಆ ಚಿತ್ರ ಕೈತಪ್ಪಿ ಹೋಗಬಹುದು.

ರಾಜ್‌ಕುಮಾರ್ ವಿಷಯದಲ್ಲೂ ಹೀಗೆಯೇ. ನಮ್ಮ ಡಾ. ರಾಜ್‌ಕುಮಾರ್ (1929–2006) ಹುಟ್ಟಿದಾಗ ಮುತ್ತುರಾಜ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಎಚ್.ಎಲ್.ಎನ್. ಸಿಂಹ ಅವರು ರಾಜ್‌ಕುಮಾರ್ ಮಾಡಿದರು. ಹಿಂದಿಯ ರಾಜ್‌ಕುಮಾರ್ (1926–1996) ಹುಟ್ಟಿದಾಗ ಕುಲಭೂಷಣ್ ಪಂಡಿತ್. ಇಬ್ಬರೂ ನಟರು, ಇಬ್ಬರೂ 50ರ ದಶಕದಲ್ಲಿ ಮೇಲೆ ಬಂದವರು. ಇಂಗ್ಲಿಷ್ ಲಿಪಿಯಲ್ಲಿ ಹಿಂದಿ ನಟರ ಹೆಸರಿಗೆ ಒಂದು ಅಕ್ಷರ ಹೆಚ್ಚಿದೆ, ಕನ್ನಡಕ್ಕೆ ಬಂದಾಗ ಆ ವ್ಯತ್ಯಾಸ ಉಳಿಯುವುದಿಲ್ಲ. ಮೂಲ ಹೆಸರೇ ಗಟ್ಟಿಯಾದ ಗುರುತು.

ಬಿರುದುಗಳೂ ಹೆಸರಿನ ಜಾಗದಲ್ಲಿ ಕೂರುತ್ತವೆ. ಸವಾಯಿ ಗಂಧರ್ವ ಅಂದರೆ ಕುಂದಗೋಳದ ರಾಮಚಂದ್ರರಾಯರು, ಭೀಮಸೇನ ಜೋಶಿ ಮತ್ತು ಗಂಗೂಬಾಯಿಯವರ ಗುರು. ಕುಮಾರ ಗಂಧರ್ವ ಅಂದರೆ ಬೆಳಗಾವಿ ಕಡೆಯ ಶಿವಪುತ್ರ ಕೋಮಕಾಳಿಮಠ. ‘ಗಂಧರ್ವ’ ಇಬ್ಬರಿಗೂ ಅಡ್ಡಹೆಸರಲ್ಲ, ಆದ್ದರಿಂದ ‘ಗಂಧರ್ವ ಅವರು ಹಾಡಿದರು’ ಎಂಬ ಸಾಲು ಯಾರನ್ನೂ ತೋರಿಸುವುದಿಲ್ಲ.

ಹೆಜ್ಜೆ 5: ಇಸವಿಗಳನ್ನು ಪಕ್ಕಪಕ್ಕ ಇಡಿ

ಹಳೆಯ ಕಾಲದವರ ವಿಷಯದಲ್ಲಿ ಇನಿಷಿಯಲ್ ಇಲ್ಲ, ಫೋಟೊ ಇಲ್ಲ. ಅಲ್ಲಿ ಕಾಲವೇ ದಾರಿ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ 978ರಲ್ಲಿ ‘ಚಾವುಂಡರಾಯ ಪುರಾಣ’ ಬರೆದ. ಕನ್ನಡ ಗದ್ಯದ ಹಳೆಯ ಕೃತಿಗಳಲ್ಲಿ ಅದೊಂದು. 1025ರಲ್ಲಿ ಇನ್ನೊಬ್ಬ ಚಾವುಂಡರಾಯ ‘ಲೋಕೋಪಕಾರ’ ಬರೆದ. ಇವನು ಚಾಲುಕ್ಯ ದೊರೆ ಜಯಸಿಂಹನ ಕಾಲದವನು. ಮನೆ ಕಟ್ಟುವುದು, ಅಂತರ್ಜಲ ಕಂಡುಹಿಡಿಯುವುದು, ಗಿಡಮರಗಳ ಆರೈಕೆ, ಅಡುಗೆ, ಶಕುನ ಎಲ್ಲ ಅದರಲ್ಲಿದೆ. ಇಬ್ಬರ ಕೃತಿಗಳ ನಡುವೆ 50 ವರ್ಷವೂ ಪೂರ್ತಿ ಇಲ್ಲ. ಇಬ್ಬರೂ ಕನ್ನಡದಲ್ಲೇ ಬರೆದವರು. ಗೊಮ್ಮಟನನ್ನು ನಿಲ್ಲಿಸಿದವನೇ ಅಡುಗೆಯ ಬಗ್ಗೆಯೂ ಬರೆದ ಅಂತ ಹೇಳಲು ಆಸೆಯಾಗಬಹುದು, ಕಥೆ ಚೆನ್ನಾಗಿದೆ. ಇಸವಿ ಅದಕ್ಕೆ ಒಪ್ಪುವುದಿಲ್ಲ, ರಾಜವಂಶವೂ ಒಪ್ಪುವುದಿಲ್ಲ.

ನಾಗವರ್ಮರೂ ಇಬ್ಬರು. ‘ಛಂದೋಂಬುಧಿ’ ಮತ್ತು ‘ಕರ್ಣಾಟಕ ಕಾದಂಬರಿ’ ಮೊದಲನೆಯವನದು. ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ ಎರಡನೆಯವನವು. ಸಾಹಿತ್ಯ ಚರಿತ್ರೆಯವರು ಅವರನ್ನು ಒಂದನೇ ನಾಗವರ್ಮ, ಇಮ್ಮಡಿ ನಾಗವರ್ಮ ಅಂತ ಕರೆದು ಬೇರೆ ಮಾಡಿದ್ದಾರೆ. ಮೈಸೂರಿನ ಅರಸರಿಗೂ ಇದೇ ಕ್ರಮ. ಜಗನ್ಮೋಹನ ಅರಮನೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದ್ದು. ಮೈಸೂರು ವಿಶ್ವವಿದ್ಯಾನಿಲಯ, ಕನ್ನಂಬಾಡಿ ಕಟ್ಟೆ ನಾಲ್ವಡಿಯವರ (1884–1940) ಕಾಲದ್ದು. ಬರೀ ‘ಕೃಷ್ಣರಾಜ ಒಡೆಯರು ಕಟ್ಟಿಸಿದರು’ ಅಂತ ಬರೆಯುವವರು ಆ ಒಂದು ಪದವನ್ನು ಸೇರಿಸಿದರೆ ಎಷ್ಟೊಂದು ಸ್ಪಷ್ಟವಾಗುತ್ತದೆ.

ಆದರೆ ಇಸವಿಯನ್ನು ಪೂರ್ತಿ ನಂಬಿ ಕೂರುವಂತೆಯೂ ಇಲ್ಲ. ಡಾ. ಎಚ್. ನರಸಿಂಹಯ್ಯ 1920ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡರು. ಸಿ.ಡಿ. ನರಸಿಂಹಯ್ಯ 1921ರಲ್ಲಿ ಹುಟ್ಟಿ ಅವರೂ 2005ರಲ್ಲೇ ತೀರಿಕೊಂಡರು. ಇಬ್ಬರೂ ಪ್ರಾಧ್ಯಾಪಕರು. ಎಚ್ಚೆನ್ ಭೌತಶಾಸ್ತ್ರದವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ದಿಟ್ಟ ವ್ಯಕ್ತಿ. ಸಿ.ಡಿ.ಎನ್. ಇಂಗ್ಲಿಷ್ ಸಾಹಿತ್ಯದ ವಿಮರ್ಶಕರು, ಮೈಸೂರಿನಲ್ಲಿ ‘ಧ್ವನ್ಯಾಲೋಕ’ ಕಟ್ಟಿದವರು. ಇವರ ಜೊತೆಗೆ ಪತ್ತೇದಾರಿ ಕಾದಂಬರಿಗಳಿಂದ ಒಂದು ತಲೆಮಾರನ್ನೇ ಓದಿಗೆ ಹಚ್ಚಿದ ಎನ್. ನರಸಿಂಹಯ್ಯ ಬೇರೆ ಇದ್ದಾರೆ. ‘2005ರಲ್ಲಿ ನಿಧನರಾದ ಪ್ರೊ. ನರಸಿಂಹಯ್ಯ’ ಎಂಬ ಸಾಲು ಇಬ್ಬರಿಗೂ ಸಲ್ಲುತ್ತದೆ. ಹಾಗಾಗಿ ಇಸವಿಯ ಜೊತೆಗೆ ಊರು ಅಥವಾ ವಿಷಯ, ಎರಡರಲ್ಲಿ ಒಂದಾದರೂ ತಾಳೆಯಾಗಬೇಕು.

ಹೆಜ್ಜೆ 6: ಕ್ಷೇತ್ರ ಕೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ

‘ಇವರು ಏನು ಮಾಡುತ್ತಿದ್ದರು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಬಹಳಷ್ಟು ಸಲ ಕೆಲಸ ಆಯಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರಕಾರರು, ವಿ.ವಿ.ಎಸ್. ಲಕ್ಷ್ಮಣ್ ಕ್ರಿಕೆಟಿಗರು. ಇಲ್ಲಿ ಯಾರೂ ತಪ್ಪುವುದಿಲ್ಲ.

ರಾಮಾನುಜನ್ ಹೆಸರಿನಲ್ಲಿ ಮಾತ್ರ ಹುಷಾರು. ಶ್ರೀನಿವಾಸ ರಾಮಾನುಜನ್ (1887–1920) ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದ ಗಣಿತಜ್ಞರು. ಎ.ಕೆ. ರಾಮಾನುಜನ್ (1929–1993) ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕವಿತೆ ಬರೆದು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರು. ಕವಿ ಬೇರೆ, ಗಣಿತಜ್ಞ ಬೇರೆ, ಸುಲಭ ಅನ್ನಿಸುತ್ತದೆ. ಆದರೆ ಎ.ಕೆ. ರಾಮಾನುಜನ್ ಅವರ ತಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಅಂದರೆ ‘ರಾಮಾನುಜನ್, ಗಣಿತ, ಮೈಸೂರು’ ಅಂತ ಹುಡುಕಿದರೆ ಕವಿಯ ಪರಿಚಯವೂ ಬರುತ್ತದೆ. ಸಾಲದ್ದಕ್ಕೆ ಸಿ.ಪಿ. ರಾಮಾನುಜಂ (1938–1974) ಎಂಬ ಮತ್ತೊಬ್ಬ ಪ್ರತಿಭಾವಂತ ಗಣಿತಜ್ಞರಿದ್ದರು. ಅವರೂ ತೀರಾ ಚಿಕ್ಕ ವಯಸ್ಸಿನಲ್ಲೇ ಹೋದರು, ಬೆಂಗಳೂರಿನಲ್ಲಿ. ಕ್ಷೇತ್ರ ಒಂದೇ, ಅಲ್ಪಾಯುಷ್ಯವೂ ಒಂದೇ. ಹೆಸರಿನ ಕೊನೆಯ ಅಕ್ಷರ ಮತ್ತು ಇನಿಷಿಯಲ್ ಮಾತ್ರ ಬೇರೆ. ಕನ್ನಡದಲ್ಲಿ ಇಬ್ಬರನ್ನೂ ‘ರಾಮಾನುಜಂ’ ಅಂತ ಬರೆಯುವವರಿದ್ದಾರೆ. ಇಂಥ ಕಡೆ 2ನೇ ಹೆಜ್ಜೆಗೆ ವಾಪಸ್ ಹೋಗಬೇಕು.

ಹೆಜ್ಜೆ 7: ಇಬ್ಬರ ಹೆಸರೂ ಒಂದೇ ಕೃತಿಯಲ್ಲಿ ಇದೆಯಾ ನೋಡಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಒಂದೇ ಅಡ್ಡಹೆಸರಿನ ಇಬ್ಬರು ಒಂದೇ ಕೃತಿಗೆ ದುಡಿದಿದ್ದರೆ ಯಾವ ಸಾಲೂ ಸುಳ್ಳಾಗಿ ಕಾಣುವುದಿಲ್ಲ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

‘ಕಾರಂತರ ಚೋಮನ ದುಡಿ’ ಅಂದರೆ ಯಾರದು? ಕಾದಂಬರಿ ಕೋಟ ಶಿವರಾಮ ಕಾರಂತರದು (1902–1997), 1933ರದು. 1975ರ ಸಿನಿಮಾ ನಿರ್ದೇಶಿಸಿದವರು ಬಿ.ವಿ. ಕಾರಂತರು (1929–2002), ಬಂಟ್ವಾಳ ತಾಲ್ಲೂಕಿನ ಬಾಬುಕೋಡಿಯ ವೆಂಕಟರಮಣ ಕಾರಂತ. ಆ ಸಿನಿಮಾಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಚೋಮನಾಗಿದ್ದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಶಿವರಾಮ ಕಾರಂತರಿಗೆ 1977ರ ಜ್ಞಾನಪೀಠ ಬಂದಿದ್ದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಅದೇ 1977ರಲ್ಲಿ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಇಬ್ಬರೂ ಕರಾವಳಿಯವರು. ಇಬ್ಬರಿಗೂ ನಾಟಕದ ಹುಚ್ಚು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಕೊಟ್ಟ ಕಾಲ ಎಷ್ಟೋ, ಬಿ.ವಿ. ಕಾರಂತರು ಯಕ್ಷಗಾನದಿಂದ ರಂಗಭೂಮಿಗೆ ತಂದಿದ್ದೂ ಅಷ್ಟೇ ಇದೆ. ‘ಕಾರಂತರು ಮತ್ತು ಯಕ್ಷಗಾನ’ ಎಂಬ ಶೀರ್ಷಿಕೆ ಕೊಟ್ಟು ಪ್ರಬಂಧ ಬರೆಯುವ ವಿದ್ಯಾರ್ಥಿ ಎಲ್ಲಿ ಬೇಕಾದರೂ ಜಾರಬಹುದು.

ಇಲ್ಲಿ ಮಾಡಬೇಕಾದದ್ದು ಇಷ್ಟು. ಕೃತಿಯ ಹೆಸರಿನ ಮುಂದೆ ಪಾತ್ರ ಬರೆಯಿರಿ. ಕಥೆ ಯಾರದು, ನಿರ್ದೇಶನ ಯಾರದು, ಸಂಗೀತ ಯಾರದು, ವರ್ಷ ಯಾವುದು. ‘ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಚೋಮನ ದುಡಿ’ ಎಂಬ ಸಾಲು ಉದ್ದ ಅನ್ನಿಸಬಹುದು. ಆ ಉದ್ದ ಅಲ್ಲಿ ಬೇಕು. ಬಿ.ವಿ. ಕಾರಂತರ ಪತ್ನಿ ಪ್ರೇಮಾ ಕಾರಂತರು ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದ್ದಾರೆ ಅನ್ನುವುದನ್ನೂ ನೆನಪಿಡಿ. ಎಷ್ಟೋ ಕಡೆ ಬರೀ ‘ಕಾರಂತ’ ಅಂತ ಬರೆದು ಅವರ ಕೆಲಸವನ್ನು ಅವರ ಯಜಮಾನರ ಹೆಸರಿಗೆ ಸೇರಿಸಿಬಿಡುವ ಅಪಾಯವಿದೆ.

ಹೆಜ್ಜೆ 8: ಹುಡುಕುವಾಗ

ಕನ್ನಡದಲ್ಲಿ ಒಂದೇ ಹೆಸರಿಗೆ ಹಲವು ಕಾಗುಣಿತ. ಅಶ್ವತ್ಥ್, ಅಶ್ವಥ್, ಅಶ್ವತ್ ಮೂರೂ ಬಳಕೆಯಲ್ಲಿವೆ. ಕಾರಂತ, ಕಾರಂತ್, ಮನ್ಸೂರ್, ಮನಸೂರ. ಎಲ್ಲ ರೂಪದಲ್ಲೂ ಹುಡುಕಿ, ಇಂಗ್ಲಿಷ್ ಲಿಪಿಯಲ್ಲೂ ಒಮ್ಮೆ ಹುಡುಕಿ. ಗೂಗಲ್‌ನಲ್ಲಿ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಕ್ರಮದಲ್ಲಿರುವ ಪುಟಗಳು ಮುಂದೆ ಬರುತ್ತವೆ. ಬೇಡದ ವ್ಯಕ್ತಿಯ ಕ್ಷೇತ್ರದ ಪದದ ಹಿಂದೆ ಮೈನಸ್ ಚಿಹ್ನೆ ಹಾಕಿದರೆ ಆ ಪುಟಗಳು ಹಿಂದೆ ಸರಿಯುತ್ತವೆ. ಹೊಯ್ಸಳ ದೊರೆಯನ್ನು ಹುಡುಕುವಾಗ ‘ವಿಷ್ಣುವರ್ಧನ -ಚಿತ್ರ -ನಟ’ ಅಂತ ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಫೋಟೊ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಚಿತ್ರಗಳ ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಎತ್ತಿಕೊಳ್ಳಬೇಡಿ. ಆ ಚಿತ್ರ ಇರುವ ಪುಟ ತೆರೆಯಿರಿ, ಕೆಳಗಿನ ಅಡಿಬರಹ ಓದಿ. ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಫೋಟೊ ಬೇರೆ ಎಲ್ಲೆಲ್ಲಿ ಯಾವ ಹೆಸರಿನಲ್ಲಿ ಇದೆ ಅಂತ ತೋರಿಸುತ್ತದೆ. ಎರಡು ಬೇರೆ ಬೇರೆ ಕಡೆ ಒಂದೇ ಪೂರ್ತಿ ಹೆಸರು ಇದ್ದರೆ ಮಾತ್ರ ಬಳಸಿ. ಒಂದು ಪುಟವನ್ನು ನೋಡಿ ಇನ್ನೊಂದು ಪುಟ ನಕಲು ಮಾಡಿದ್ದರೆ ಅದು ಎರಡು ಕಡೆ ಅಂತ ಲೆಕ್ಕಕ್ಕಿಲ್ಲ. ಸಾಲು ಸಾಲಾಗಿ ಒಂದೇ ವಾಕ್ಯ ಇದ್ದರೆ ನಕಲು ಅಂತ ತಿಳಿದುಬಿಡುತ್ತದೆ.

ಪುಸ್ತಕ ಕೈಯಲ್ಲಿದ್ದರೆ ಒಳಪುಟ ನೋಡಿ. ಹಕ್ಕುಗಳ ಪುಟದಲ್ಲಿ ಲೇಖಕರ ಹೆಸರು, ಮೊದಲ ಮುದ್ರಣದ ವರ್ಷ ಇರುತ್ತದೆ. ಬೆನ್ನುಡಿಯ ಹೊಗಳಿಕೆಗಿಂತ ಆ ಪುಟ ಹೆಚ್ಚು ಉಪಯೋಗ. ಈಗಿನ ಸಂಶೋಧಕರಾದರೆ ಆರ್ಕಿಡ್ ಎಂಬ 16 ಅಂಕಿಯ ಗುರುತುಸಂಖ್ಯೆ ಇರಬಹುದು, ಒಂದೇ ಹೆಸರಿನ ವಿಜ್ಞಾನಿಗಳನ್ನು ಬೇರೆ ಮಾಡಲೆಂದೇ ಅದನ್ನು ತಂದಿದ್ದಾರೆ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ಎಂಬ ಮಾಹಿತಿಕೋಶದಲ್ಲೂ ಅಲ್ಲಿರುವ ಪ್ರತಿ ವ್ಯಕ್ತಿಗೂ ಬೇರೆ ಸಂಖ್ಯೆ ಇದೆ.

ಹೆಜ್ಜೆ 9: ಒಂದು ಚೀಟಿ ತುಂಬಿ, ಆಮೇಲೆ ಬರೆಯಿರಿ

ಸಿಕ್ಕಿದ್ದನ್ನೆಲ್ಲ ಚೀಟಿಯ ಮೇಲೆ ಇಳಿಸಿ. ಇಬ್ಬರಿದ್ದರೆ ಎರಡು ಚೀಟಿ. ಉದಾಹರಣೆಗೆ:

ಸಿ. ಅಶ್ವತ್ಥ್: ಗಾಯಕ, ಸಂಗೀತ ಸಂಯೋಜಕ. 1939–2009. ಸುಗಮ ಸಂಗೀತ. ಗುರುತು: ಶರೀಫರ ಹಾಡುಗಳು.

ಕೆ.ಎಸ್. ಅಶ್ವತ್ಥ್: ಚಲನಚಿತ್ರ ನಟ. 1925–2010. ಮೈಸೂರು. ಗುರುತು: ಚಾಮಯ್ಯ ಮೇಷ್ಟ್ರು.

ಕಲಂ ಯಾವುದಾದರೂ ಖಾಲಿ ಉಳಿದರೆ ಉಳಿಯಲಿ. ಊಹಿಸಿ ತುಂಬಬೇಡಿ. ಎರಡು ಚೀಟಿಯನ್ನು ಅಕ್ಕಪಕ್ಕ ಇಟ್ಟು, ನಿಮ್ಮ 1ನೇ ಹೆಜ್ಜೆಯ ಸಾಲು ಯಾವುದಕ್ಕೆ ಕೂರುತ್ತದೆ ಅಂತ ನೋಡಿ.

ಬರೆಯುವಾಗ ಮೊದಲ ಸಲ ಇನಿಷಿಯಲ್ ಸಮೇತ ಪೂರ್ತಿ ಹೆಸರು, ಜೊತೆಗೆ ಅವರ ಕೆಲಸ ಹೇಳುವ ಒಂದು ಪದ: ‘ರಂಗಕರ್ಮಿ ಬಿ.ವಿ. ಕಾರಂತ’, ‘ಭೌತವಿಜ್ಞಾನಿ ಸಿ.ವಿ. ರಾಮನ್’. ‘ಖ್ಯಾತ’, ‘ಸುಪ್ರಸಿದ್ಧ’ ಎಂಬ ಪದಗಳು ಯಾರನ್ನೂ ಗುರುತಿಸುವುದಿಲ್ಲ, ಆ ಜಾಗವನ್ನು ಕೆಲಸದ ಹೆಸರಿಗೆ ಕೊಡಿ. ಮುಂದೆ ಬರೀ ‘ಕಾರಂತರು’ ಅಂದರೂ ನಡೆಯುತ್ತದೆ, ಆ ಬರಹದಲ್ಲಿ ಇನ್ನೊಬ್ಬ ಕಾರಂತರು ಬಾರದಿದ್ದರೆ. ಬಂದರೆ ಕೊನೆಯವರೆಗೂ ಇನಿಷಿಯಲ್ ಬಿಡಬೇಡಿ. ವಿಕಿಪೀಡಿಯಕ್ಕೆ ಬರೆಯುವವರು ಇನಿಷಿಯಲ್‌ನಿಂದ ಬೇರೆಯಾಗದ ಹೆಸರಿಗೆ ಮಾತ್ರ ಆವರಣದಲ್ಲಿ ಕ್ಷೇತ್ರ ಹಾಕಿ: ವಿಷ್ಣುವರ್ಧನ್ (ನಟ). ಕ್ವಿಜ್ ಮಾಡುವವರು ಪ್ರಶ್ನೆಯೊಳಗೇ ಗುರುತು ಇಡಿ. ಎರಡು ಸರಿ ಉತ್ತರ ಇರುವ ಪ್ರಶ್ನೆ ಕೇಳಿ ಮಕ್ಕಳ ಅಂಕ ಕಿತ್ತುಕೊಳ್ಳುವುದು ಬೇಡ.

ಹೆಜ್ಜೆ 10: ಬದುಕಿರುವವರ ಬಗ್ಗೆ, ಮತ್ತು ಮಾತುಗಳ ಬಗ್ಗೆ

ಬದುಕಿರುವವರ ಹೆಸರಾದರೆ ಮೇಲಿನ ಎಲ್ಲ ಹೆಜ್ಜೆಗಳನ್ನೂ ಇನ್ನಷ್ಟು ಬಿಗಿಯಾಗಿ ಮಾಡಿ. ನಿಧನದ ಸುದ್ದಿ, ಆರೋಪದ ಸುದ್ದಿ, ರಾಜಕೀಯ ಹೇಳಿಕೆ ಈ ಮೂರರಲ್ಲಿ ಹೆಸರು ತಪ್ಪಿದರೆ ಒಂದು ಮನೆಯವರ ನೆಮ್ಮದಿ ಹಾಳಾಗುತ್ತದೆ. ಪೂರ್ತಿ ಹೆಸರು, ಊರು, ಕೆಲಸ ಮೂರೂ ಸಿಗುವ ತನಕ ಮುಂದೆ ಕಳಿಸಬೇಡಿ.

ಸುಭಾಷಿತದ ಕಾರ್ಡುಗಳೂ ಇದೇ ಗುಂಪಿಗೆ ಸೇರಿದವು. ಸಿತಾರ್ ವಾದಕ ಪಂಡಿತ್ ರವಿಶಂಕರ್ (1920–2012) ಬೇರೆ. ಬೆಂಗಳೂರಿನಲ್ಲಿ ಆರ್ಟ್ ಆಫ್ ಲಿವಿಂಗ್ ಕಟ್ಟಿದ, 1956ರಲ್ಲಿ ಹುಟ್ಟಿದ ಶ್ರೀ ಶ್ರೀ ರವಿಶಂಕರ್ ಬೇರೆ. ಸಂಗೀತದ ಬಗೆಗಿನ ಒಂದು ಮಾತು, ಧ್ಯಾನದ ಬಗೆಗಿನ ಇನ್ನೊಂದು ಮಾತು, ಕೆಳಗೆ ಬರೀ ‘ರವಿಶಂಕರ್’ ಅಂತ ಇದ್ದರೆ ಯಾರದ್ದೆಂದು ಹೇಳುವುದು ಹೇಗೆ? ಆ ಮಾತು ಯಾವ ಭಾಷಣದ್ದು, ಯಾವ ಸಂದರ್ಶನದ್ದು ಅಂತ ಸಿಗದಿದ್ದರೆ ಹೆಸರು ಹಾಕದೆ ಬಿಡಿ. ಮಾತು ಚೆನ್ನಾಗಿದ್ದರೆ ಹೆಸರಿಲ್ಲದೆಯೂ ಓದಿಸಿಕೊಳ್ಳುತ್ತದೆ.

ಬೇರೆಯವರ ಬರಹದಲ್ಲಿ ಬೆರಕೆ ಕಂಡರೆ ಎಲ್ಲರೆದುರು ಹಂಗಿಸಬೇಡಿ. ಬರೆದವರಿಗೇ ತಿಳಿಸಿ: ಯಾವ ಸಾಲು, ಅಲ್ಲಿರುವುದು ಯಾರ ವಿವರ, ಇರಬೇಕಾದದ್ದು ಯಾರದು, ಆಧಾರ ಏನು. ನಾಲ್ಕು ಸಾಲು ಸಾಕು. ಜೊತೆಗೆ ನೀವು ತುಂಬಿದ ಎರಡು ಚೀಟಿಗಳನ್ನೂ ಕಳಿಸಿದರೆ ತಿದ್ದುವವರಿಗೆ ಸುಲಭವಾಗುತ್ತದೆ.